ಇಂಗ್ಲಿಷ್ ಬರೆಯೋಕೆ ಬರುತ್ತೆ, ಮಾತಾಡೋಕೆ ಯಾಕೆ ಬರಲ್ಲ? 1857ರಿಂದ ಬೆಂಗಳೂರು ಪ್ರಾಜೆಕ್ಟ್ ತನಕ

ಈ ಸಲದ ವಿಷಯ ಸ್ಪೋಕನ್ ಇಂಗ್ಲಿಷ್. ಆದರೆ ಇದು ಟಿಪ್ಸ್ ಕೊಡೋ ವಿಡಿಯೋ ಅಲ್ಲ, ಅಂಥವು ರಾಶಿ ಇವೆ. ನನ್ನ ಪ್ರಶ್ನೆ ಬೇರೆ. ಹತ್ತು-ಹದಿನೈದು ವರ್ಷ ಇಂಗ್ಲಿಷ್ ಓದಿ, ಬಿ.ಇ., ಎಂ.ಟೆಕ್. ಪರೀಕ್ಷೆಗಳನ್ನೆಲ್ಲ ಇಂಗ್ಲಿಷಿನಲ್ಲೇ ಬರೆದು ಪಾಸಾದ ನಾವು ಕ್ಲೈಂಟ್ ಕಾಲ್‌ನಲ್ಲಿ ಮ್ಯೂಟ್ ತೆಗೆಯೋಕೆ ಯಾಕೆ ಹಿಂಜರೀತೀವಿ? ಇದಕ್ಕೆ ಉತ್ತರ ನಮ್ಮ ಬುದ್ಧಿಯಲ್ಲಿಲ್ಲ, ಇತಿಹಾಸದಲ್ಲಿದೆ ಅಂತ ನನ್ನ ಅನಿಸಿಕೆ.

1835ರಲ್ಲಿ ಮೆಕಾಲೆ ಟಿಪ್ಪಣಿ ಬಂತು, ಅದು ಎಲ್ಲರಿಗೂ ಗೊತ್ತು. ನಮ್ಮ ಕಥೆಗೆ ಅದಕ್ಕಿಂತ ಮುಖ್ಯವಾದ ವರ್ಷ 1857. ಕಲ್ಕತ್ತಾ, ಬಾಂಬೆ, ಮದ್ರಾಸ್ ಮೂರೂ ಕಡೆ ವಿಶ್ವವಿದ್ಯಾಲಯಗಳು ಶುರುವಾದದ್ದು ಆ ವರ್ಷ. ಅವು ಮುಖ್ಯವಾಗಿ ಪರೀಕ್ಷೆ ನಡೆಸಿ ಪದವಿ ಕೊಡುವ ಸಂಸ್ಥೆಗಳು, ಪಾಠ ನಡೆಯುತ್ತಿದ್ದದ್ದು ಕಾಲೇಜುಗಳಲ್ಲಿ. ಪರೀಕ್ಷೆ ಅಂದರೆ ಪೇಪರ್. ಪದವಿ ಮುಗಿಸಿದವರು ಸೇರುತ್ತಿದ್ದ ಕಚೇರಿಗಳಲ್ಲೂ ಬೇಕಿದ್ದದ್ದು ಅರ್ಜಿ, ಆದೇಶ, ರಿಪೋರ್ಟ್, ಎಲ್ಲಾ ಬರವಣಿಗೆ. ಹೀಗೆ ಕಣ್ಣಿಗೆ ಮತ್ತು ಕೈಗೆ ಇಂಗ್ಲಿಷ್ ಬಂತು, ಬಾಯಿಗೆ ಬರಲೇ ಇಲ್ಲ. ಗ್ರಾಮರ್ ಪುಸ್ತಕ, ಅನುವಾದ, ಬಾಯಿಪಾಠ, ಈ ಮೂರರ ಮೇಲೆ ನೂರು ವರ್ಷ ಓಡಿತು. ನನ್ನ ಹೈಸ್ಕೂಲಿನಲ್ಲೂ ಇದೇ ಓಡ್ತಿತ್ತು. ಆಕ್ಟಿವ್ ವಾಯ್ಸ್‌ನಿಂದ ಪ್ಯಾಸಿವ್ ವಾಯ್ಸ್‌ಗೆ ಬದಲಿಸೋದರಲ್ಲಿ ನಮ್ಮ ಕ್ಲಾಸ್ ಎತ್ತಿದ ಕೈ. ಆದರೆ ಯಾರಾದರೂ ಇಂಗ್ಲಿಷಿನಲ್ಲಿ ದಾರಿ ಕೇಳಿದ್ದರೆ ಅರ್ಧ ಕ್ಲಾಸ್ ಓಡಿಹೋಗ್ತಿತ್ತು.

ಮಾತಿನ ಇಂಗ್ಲಿಷನ್ನ ಸರ್ಕಾರ ಗಂಭೀರವಾಗಿ ತಗೊಂಡಿದ್ದು ಸ್ವಾತಂತ್ರ್ಯ ಬಂದ ಮೇಲೆ. ನಾನೀಗ ಇರೋದು ಹೈದರಾಬಾದಿನಲ್ಲಿ. ಇಲ್ಲಿ ತಾರ್ನಾಕಾ ಕಡೆ ಹೋದರೆ ಉಸ್ಮಾನಿಯಾ ಪಕ್ಕದಲ್ಲೇ ಇಫ್ಲು ಕ್ಯಾಂಪಸ್ ಸಿಗುತ್ತೆ. 1958ರಲ್ಲಿ ಅದು ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್ ಅಂತ ಶುರುವಾಯ್ತು, ಮೇಷ್ಟ್ರುಗಳಿಗೆ ಇಂಗ್ಲಿಷ್ ಕಲಿಸೋದು ಹೇಗೆ ಅಂತ ತರಬೇತಿ ಕೊಡೋಕೆ. 1963ರಲ್ಲಿ ದಕ್ಷಿಣದ ರಾಜ್ಯಗಳಿಗಾಗಿ ಬೆಂಗಳೂರಿನಲ್ಲಿ ರೀಜನಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್ ಬಂತು. ಜ್ಞಾನಭಾರತಿಯಲ್ಲಿ ಈಗಲೂ ಇದೆ. ಈ ಎರಡು ಊರುಗಳಿಂದ ಎರಡು ಉತ್ತರಗಳು ಬಂದವು. ಐಟಿಗೆ ಬಂದ ನಮಗೆ ಎರಡನ್ನೂ ಯಾರೂ ಹೇಳಿಕೊಡಲಿಲ್ಲ.

ಮೊದಲನೆಯದು ಹೈದರಾಬಾದಿನದು. ಅಲ್ಲಿನ ಧ್ವನಿಶಾಸ್ತ್ರದ ಪ್ರಾಧ್ಯಾಪಕ ಆರ್.ಕೆ. ಬನ್ಸಲ್ ಭಾರತೀಯರ ಇಂಗ್ಲಿಷ್ ಮಾತನ್ನ ರೆಕಾರ್ಡ್ ಮಾಡಿ ಬೇರೆ ದೇಶದವರಿಗೆ ಕೇಳಿಸಿ, ಎಷ್ಟು ಅರ್ಥವಾಗುತ್ತೆ ಅಂತ ಅಳೆದರು. ಅದು 1969ರಲ್ಲಿ ಪ್ರಕಟವಾಯ್ತು. ಸರಾಸರಿ ಸುಮಾರು 70 ಪ್ರತಿಶತ ಅರ್ಥವಾಗಿತ್ತು. ಉಳಿದದ್ದು ಯಾಕೆ ಆಗಲಿಲ್ಲ ಅನ್ನೋದಕ್ಕೆ ಅವರು ಕಂಡ ದೊಡ್ಡ ಕಾರಣಗಳಲ್ಲೊಂದು ಪದದೊಳಗಿನ ಒತ್ತು ತಪ್ಪಾದ ಜಾಗದಲ್ಲಿ ಬೀಳೋದು.

ಇಲ್ಲಿ ಸ್ವಲ್ಪ ನಿಲ್ಲೋಣ, ಕನ್ನಡದವರಿಗೆ ಇದು ಬಹಳ ಮುಖ್ಯ. ನಮ್ಮಲ್ಲಿ ಹ್ರಸ್ವ-ದೀರ್ಘದಿಂದ ಅರ್ಥ ಬದಲಾಗುತ್ತೆ: ಕರು ಬೇರೆ, ಕಾರು ಬೇರೆ. ಒತ್ತಕ್ಷರದಿಂದ ಬದಲಾಗುತ್ತೆ: ಹಳಿ ಬೇರೆ, ಹಳ್ಳಿ ಬೇರೆ. ಆದರೆ ಒಂದು ಪದದಲ್ಲಿ ಯಾವ ಭಾಗವನ್ನ ಜೋರಾಗಿ ಹೇಳ್ತೀವಿ ಅನ್ನೋದರಿಂದ ನಮ್ಮಲ್ಲಿ ಏನೂ ಬದಲಾಗಲ್ಲ. ಇಂಗ್ಲಿಷ್ ಕಿವಿ ಪದವನ್ನ ಗುರುತು ಹಿಡಿಯೋದೇ ಆ ಜೋರಿನಿಂದ. 'ಡೆವಲಪ್'ನಲ್ಲಿ ಜೋರು 'ವೆ' ಮೇಲೆ, 'ಕಾಂಪೊನೆಂಟ್'ನಲ್ಲಿ 'ಪೊ' ಮೇಲೆ, 'ಹೋಟೆಲ್'ನಲ್ಲಿ 'ಟೆಲ್' ಮೇಲೆ. ನಾವು ಎಲ್ಲಾ ಅಕ್ಷರಗಳನ್ನೂ ಒಂದೇ ಸಮ ಸ್ಪಷ್ಟವಾಗಿ ಹೇಳ್ತೀವಿ, ಇಲ್ಲಾ ಮೊದಲನೆಯದರ ಮೇಲೇ ಭಾರ ಹಾಕ್ತೀವಿ. ನಮ್ಮ ದೃಷ್ಟಿಯಲ್ಲಿ ಅದು ಒಳ್ಳೆ ಉಚ್ಚಾರಣೆ! ಅಂದರೆ ರಿಪೇರಿ ಬೇಕಿರೋದು ಒಂದು ಸಣ್ಣ ಜಾಗದಲ್ಲಿ. ದಿನಾ ಬಳಸೋ ನೂರು-ಇನ್ನೂರು ಕೆಲಸದ ಪದಗಳ ಒತ್ತನ್ನ ನಿಘಂಟು ನೋಡಿ ಸರಿಮಾಡಿಕೊಂಡರೆ ಬಹಳಷ್ಟು ಕೆಲಸ ಆದ ಹಾಗೇ. ಲಂಡನ್ನಿನವರ ಥರ ಕೇಳಿಸಬೇಕು ಅನ್ನೋ ಗುರಿಯೇ ಬೇಕಿಲ್ಲ. ಬನ್ಸಲ್ ಮತ್ತು ಜೆ.ಬಿ. ಹ್ಯಾರಿಸನ್ ಸೇರಿ 1972ರಲ್ಲಿ ತಂದ 'ಸ್ಪೋಕನ್ ಇಂಗ್ಲಿಷ್ ಫಾರ್ ಇಂಡಿಯಾ' ಪುಸ್ತಕದ ಹೆಸರೇ ಅದನ್ನ ಹೇಳುತ್ತೆ.

ಆದರೆ 90ರ ದಶಕದ ಕೊನೆಗೆ ಕಾಲ್ ಸೆಂಟರ್ ಬಂತು, ಜೊತೆಗೆ ಆಕ್ಸೆಂಟ್ ನ್ಯೂಟ್ರಲೈಸೇಶನ್ ಅನ್ನೋ ವ್ಯಾಪಾರ. ಎಂಟಿಐ, ಅಂದರೆ ಮಾತೃಭಾಷೆಯ ಪ್ರಭಾವ, ಒಂದು ಕಾಯಿಲೆಯ ಹೆಸರಿನ ಥರ ಎಚ್‌ಆರ್ ಬಾಯಲ್ಲಿ ಓಡಾಡೋಕೆ ಶುರುವಾಯ್ತು. ನನ್ನ ಟೀಮಿನಲ್ಲಿ ಕಲಬುರಗಿ ಕಡೆಯ ಹುಡುಗನೊಬ್ಬ ಇದ್ದಾನೆ, ನನ್ನನ್ನ 'ಅಣ್ಣಾ' ಅಂತಲೇ ಕರೀತಾನೆ. ಕೋಡ್ ರಿವ್ಯೂನಲ್ಲಿ ಅವನಷ್ಟು ಚುರುಕು ಇನ್ನೊಬ್ಬರಿಲ್ಲ. ಸತತ ಎರಡು ವರ್ಷ ಅಪ್ರೈಸಲ್‌ನಲ್ಲಿ ಒಂದೇ ಸಾಲು: ಕಮ್ಯುನಿಕೇಶನ್ ಸುಧಾರಿಸಬೇಕು. ಪ್ರಮೋಷನ್ ನಿಂತಿತು. "ಅಣ್ಣಾ, ಆಕ್ಸೆಂಟ್ ಕೋರ್ಸಿಗೆ ಸೇರ್ಲೇನ್ರಿ?" ಅಂತ ಕೇಳಿದ. ಒಂದು ತಿಂಗಳ ಸಂಬಳದ ದೊಡ್ಡ ಪಾಲು ಅದಕ್ಕೆ ಹೋಗ್ತಿತ್ತು. ಅವನಿಗೆ ಹೇಳೋಕೆ ಹೊರಟೇ ನಾನು ಬೆಂಗಳೂರಿನ ಉತ್ತರವನ್ನ ಸರಿಯಾಗಿ ಓದಿದ್ದು.

ಅದರ ಹೆಸರು ಬೆಂಗಳೂರು ಪ್ರಾಜೆಕ್ಟ್, 1979ರಿಂದ 1984. ನಡೆಸಿದವರು ಎನ್.ಎಸ್. ಪ್ರಭು. ಆಗ ಅವರು ಮದ್ರಾಸಿನ ಬ್ರಿಟಿಷ್ ಕೌನ್ಸಿಲ್‌ನಲ್ಲಿದ್ದರು. ಬೆಂಗಳೂರಿನ ರೀಜನಲ್ ಇನ್‌ಸ್ಟಿಟ್ಯೂಟ್ ಜೊತೆಗಿತ್ತು. ಜಾಗ ಯಾವುದೋ ದೊಡ್ಡ ಕಾನ್ವೆಂಟ್ ಅಲ್ಲ, ನಮ್ಮಂಥವರು ಓದಿದ ಥರದ್ದೇ, ಮಕ್ಕಳು ತುಂಬಿದ ಕ್ಲಾಸುಗಳು. ಪ್ರಭು ಅವರ ವಾದ ಇಷ್ಟೇ: ಮನಸ್ಸು ಅರ್ಥದ ಮೇಲಿದ್ದಾಗಲೇ ವ್ಯಾಕರಣ ಒಳಗಿಳಿಯೋದು. ಹಾಗಾಗಿ ಗ್ರಾಮರ್ ಪಾಠದ ಪಟ್ಟಿಯನ್ನೇ ತೆಗೆದುಹಾಕಿದರು. ಅದರ ಬದಲು ಟಾಸ್ಕ್. ರೈಲ್ವೆ ವೇಳಾಪಟ್ಟಿ, ನಕ್ಷೆ, ಕ್ಯಾಲೆಂಡರ್ ಥರದ್ದು ಮುಂದಿಟ್ಟು, ಇಷ್ಟೊತ್ತಿಗೆ ಇಲ್ಲಿರಬೇಕಾದರೆ ಯಾವ ಗಾಡಿ ಹಿಡೀಬೇಕು ಅಂತ ಲೆಕ್ಕ ಹಾಕಿಸೋದು, ಎಲ್ಲಾ ಇಂಗ್ಲಿಷಿನಲ್ಲೇ. ಮೊದಲು ಮೇಷ್ಟ್ರು ಇಡೀ ಕ್ಲಾಸಿನ ಜೊತೆ ಅಂಥದ್ದೇ ಒಂದನ್ನ ಮಾಡಿಸೋರು, ಆಮೇಲೆ ಮಕ್ಕಳು ತಾವೇ ಇನ್ನೊಂದನ್ನ ಬಿಡಿಸಬೇಕು. ಅರ್ಧ ಕ್ಲಾಸ್ ಅರ್ಧ ಟಾಸ್ಕ್ ಮುಗಿಸಿದರೆ ಟಾಸ್ಕ್ ಸರಿಯಾದ ಮಟ್ಟದಲ್ಲಿದೆ ಅಂತ ಲೆಕ್ಕ. ಒಂದೇ ಪದದಲ್ಲಿ ಉತ್ತರ ಹೇಳಿದರೂ ನಡೀತಿತ್ತು, ಪೂರ್ತಿ ವಾಕ್ಯ ಬೇಕು ಅನ್ನೋ ಹಟ ಇರಲಿಲ್ಲ. ತಪ್ಪು ಮಾತಾಡಿದರೆ ಮೇಷ್ಟ್ರು ಮಾತಿನ ಓಘದಲ್ಲೇ ಸರಿ ರೂಪ ಹೇಳಿ ಮುಂದೆ ಹೋಗೋರು. ನಿಲ್ಲಿಸಿ ಗ್ರಾಮರ್ ಪಾಠ ಮಾಡ್ತಿರಲಿಲ್ಲ. ಈ ಕೊನೆಯದನ್ನ ನಮ್ಮ ಮ್ಯಾನೇಜರ್‌ಗಳು ಗೋಡೆ ಮೇಲೆ ಅಂಟಿಸಿಕೊಳ್ಳಬೇಕು.

ಫಲಿತಾಂಶ? ಅಲನ್ ಬೆರೆಟಾ ಮತ್ತು ಅಲನ್ ಡೇವಿಸ್ ಹೊರಗಿನಿಂದ ಬಂದು ಪರೀಕ್ಷೆ ಮಾಡಿದರು, 1985ರಲ್ಲಿ ಪ್ರಕಟಿಸಿದರು. ಗ್ರಾಮರ್ ಪ್ರಶ್ನೆಗಳಲ್ಲಿ ಹಳೇ ಪದ್ಧತಿಯ ಮಕ್ಕಳು ಮುಂದೆ. ಕೇಳಿ ಅರ್ಥ ಮಾಡಿಕೊಳ್ಳೋದರಲ್ಲಿ, ಕಲಿತದ್ದನ್ನ ಸಂದರ್ಭದಲ್ಲಿ ಬಳಸೋದರಲ್ಲಿ ಒಟ್ಟಾರೆ ಪ್ರಾಜೆಕ್ಟ್ ಮಕ್ಕಳು ಮುಂದೆ. ಅಂದರೆ ಯಾವುದನ್ನ ಅಭ್ಯಾಸ ಮಾಡಿದರೋ ಅದೇ ಬಂತು. 1857ರ ಕಥೆಯೂ ಅದೇ ತಾನೇ? ಇಂದು ಜಗತ್ತಿನಾದ್ಯಂತ ಟಾಸ್ಕ್-ಬೇಸ್ಡ್ ಟೀಚಿಂಗ್ ಬಗ್ಗೆ ಯಾರೇ ಪುಸ್ತಕ ಬರೆದರೂ ಬೆಂಗಳೂರಿನ ಹೆಸರು ಬರದೇ ಇರೋದು ಅಪರೂಪ. ಬೆಂಗಳೂರಲ್ಲೇ ನಾಲ್ಕು ವರ್ಷ ಓದಿದ ನನಗೆ ಇದನ್ನ ಯಾರೂ ಹೇಳಿರಲಿಲ್ಲ.

ಒಂದು ಎಚ್ಚರಿಕೆ. ಪ್ರಭು ಕ್ಲಾಸುಗಳಲ್ಲಿ ಮಕ್ಕಳ ಮಾತಿಗಿಂತ ಮೇಷ್ಟ್ರ ಮಾತೇ ಜಾಸ್ತಿ ಇತ್ತು, ಗುಂಪು ಚರ್ಚೆಯನ್ನ ಅವರು ಬೇಕಂತಲೇ ದೂರ ಇಟ್ಟರು. ಮಕ್ಕಳು ಒಬ್ಬರ ತಪ್ಪನ್ನ ಇನ್ನೊಬ್ಬರು ಗಟ್ಟಿ ಮಾಡಿಕೊಳ್ತಾರೆ ಅಂತ ಅವರ ಭಯ. ದೊಡ್ಡವರಾದ, ಕೆಲಸದಲ್ಲಿರೋ ನಮಗೆ ಬಾಯಿ ಬಿಡೋ ಅವಕಾಶವೂ ಬೇಕು. ಆದ್ದರಿಂದ ನಮ್ಮ ಟೀಮಿನಲ್ಲಿ ನಾನು ಅವರ ಕ್ರಮಕ್ಕೆ ನನ್ನದೊಂದು ತಿದ್ದುಪಡಿ ಸೇರಿಸಿದೆ. ವಾರಕ್ಕೆರಡು ದಿನ ಇಪ್ಪತ್ತು ನಿಮಿಷ. ಒಬ್ಬರ ಹತ್ತಿರ ಪ್ರೊಡಕ್ಷನ್ ಲಾಗ್ ಇರುತ್ತೆ, ಇನ್ನೊಬ್ಬರ ಹತ್ತಿರ ಆರ್ಕಿಟೆಕ್ಚರ್ ಚಿತ್ರ. ಸ್ಕ್ರೀನ್ ಶೇರ್ ಇಲ್ಲ. ಇಂಗ್ಲಿಷಿನಲ್ಲಿ ಕೇಳಿ, ಹೇಳಿ, ಬಗ್ ಎಲ್ಲಿದೆ ಅಂತ ಹುಡುಕಬೇಕು. ಯಾರೂ ಗ್ರಾಮರ್ ತಿದ್ದೋ ಹಾಗಿಲ್ಲ. ಕಲಬುರಗಿಯ ಹುಡುಗ ಕೋರ್ಸಿಗೆ ಸೇರಲಿಲ್ಲ. ಮೊದಲ ವಾರ ಬರೀ 'ಎಸ್', 'ನೋ', 'ಲೈನ್ ನಂಬರ್ ಫಾರ್ಟಿ' ಅಂತಿದ್ದ. ಈಗ ಎದುರಿನವರು ತಪ್ಪು ಲೈನ್ ಹೇಳಿದರೆ ಅವರನ್ನೇ ತಡೆದು ನಿಲ್ಲಿಸ್ತಾನೆ. ಈ ವರ್ಷದ ಅಪ್ರೈಸಲ್ ಮಾರ್ಚ್‌ನಲ್ಲಿದೆ.