ಕೂದಲ ಕಥಿ, ಭಾಗ 4: ಕಲ್ಯಾಣದಿಂದ ಸ್ಯಾಶೆ ತನಕ

ಏಳನೇ ಕ್ಲಾಸಿನ ಫೋಟೋದಾಗ ನೆಟ್ಟನ ಕೂದಲ. ಪಿಯುಸಿಗೆ ಬರೋದ್ರಾಗ ಗುಂಗುರು, ಕೆದರಿದ್ದು. ನಿಮಗೂ ಹಿಂಗ ಆಗೇದೇನು? ನನಗ "ಹಕ್ಕಿಗೂಡು" ಅಂತ ಹೆಸರಿಟ್ರು. ಎರಡು ತಿಂಗಳು ದಿನಾ ಸ್ಟ್ರೈಟ್ನರ್ ಹಿಡಿದೆ. ತುದಿ ಸುಟ್ಟು ಸೀಳಿದವು, ಗುಂಗುರು ಹೋಗಲಿಲ್ಲ.

ಆಮೇಲೆ ಇತಿಹಾಸ ಓದಿದೆ.

ಮಾದನಹಿಪ್ಪರಗಾದಿಂದ ಬಸವಕಲ್ಯಾಣ ಭಾಳ ದೂರಿಲ್ಲ. ಅಲ್ಲಿಂದ ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ, ಸುಮಾರು 1129ರಲ್ಲಿ 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥ ರಚಿಸಿದ. ರಾಜನೀತಿ, ಅಡುಗೆ, ಸಂಗೀತದ ಜೊತೆ ಸ್ನಾನಕ್ಕೂ ಅದರಾಗ ಜಾಗ ಅದ. ಹೂವಿನ ವಾಸನಿಯ ಎಳ್ಳೆಣ್ಣೆ ತಿಕ್ಕಿ ಎರಕೊಳ್ಳೋದು ಆಗ ಅರಮನೆಯ ಭೋಗ. ನಮ್ಮ ಮನ್ಯಾಗ ಅದು ದೀಪಾವಳಿಯ ಎಣ್ಣಿ ನೀರು.

'ಶಾಂಪೂ' ಪದನೂ ಇಲ್ಲಿಂದನೇ ಹೋದದ್ದು. ಹಿಂದಿಯ 'ಚಾಂಪೋ' ಅಂದ್ರ ಒತ್ತು, ತಿಕ್ಕು. ಪಾಟ್ನಾದಾಗ ಹುಟ್ಟಿದ ಶೇಖ್ ದೀನ್ ಮಹಮ್ಮದ್ 19ನೇ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಬ್ರೈಟನ್‌ದಾಗ ಹಬೆಸ್ನಾನ, ಮಾಲೀಶಿನ ಮನಿ ತೆರೆದ. ತಲೆ ತೊಳೆಯೋ ಅರ್ಥ ಆಮೇಲೆ ಬಂತು. 1980ರ ದಶಕದಾಗ ಸಣ್ಣ ಸ್ಯಾಶೆಗಳು ಹಳ್ಳಿ ಅಂಗಡಿಗೆ ಬಂದು ನೇತಾಡಿದವು. ಶೀಗಿಕಾಯಿ ಹಿಂದ ಸರಿದ್ವು.

ಮತ್ತ ಕೂದಲ ಯಾಕ ಬದಲಾಗ್ತದ? ಅದು ಬುಡದಾಗಿನ ಕೆಲಸ. ಹರೆಯದ ಹಾರ್ಮೋನು, ಹೆರಿಗೆ, ವಯಸ್ಸು, ಕೆಲವು ಔಷಧಿ ಕೂದಲ ಬುಡದ ಆಕಾರಾನೇ ಬದಲಿಸಬಲ್ಲವು. ಕೂದಲ ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಅಷ್ಟೇ ಬೆಳೀತದ. ಅದಕ್ಕ ಬದಲಾವಣಿ ನಮಗ ತಡವಾಗಿ ಕಾಣ್ತದ.

ಕೆದರೋದಕ್ಕ ಕಾರಣ ಬ್ಯಾರೆ. ಒಣಗಿದ ಕೂದಲ ಗಾಳಿಯ ತೇವ ಹೀರಿ ಉಬ್ಬತದ, ಹಂಗಾಗಿ ಮಳಿಗಾಲದಾಗ ಹೆಚ್ಚು. ಬೋರಿನ ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂದಲ ಮ್ಯಾಲ ಕೂತು ಒರಟು ಮಾಡ್ತಾವ.

ಇಷ್ಟು ಮಾಡಿ ನೋಡ್ರಿ:
• ಶಾಂಪೂ ಬುಡಕ್ಕ, ಕಂಡೀಷನರ್ ತುದಿಗೆ.
• ಟವೆಲ್‌ಲೆ ತಿಕ್ಕಬ್ಯಾಡ್ರಿ. ಹಳೇ ಕಾಟನ್ ಬಟ್ಟಿಲೆ ಒತ್ತಿ ನೀರು ತೆಗೀರಿ.
• ಹಸಿ ಇದ್ದಾಗಲೇ ಅಗಲ ಹಲ್ಲಿನ ಬಾಚಣಿಗಿ, ತುದಿಯಿಂದ ಮ್ಯಾಲಕ್ಕ.
• ಕಡೀ ತಂಬಿಗಿ ಮಳಿನೀರು ಸಿಕ್ರ ಛಲೋ.
• ತುದಿಗೆ ಎರಡು ಹನಿ ಕೊಬ್ಬರಿ ಎಣ್ಣಿ.
• ಒಮ್ಮೆಲೆ ಗುಂಪಾಗಿ ಉದುರಿದ್ರ ಡಾಕ್ಟರಿಗೆ ತೋರಿಸ್ರಿ.

ಹೋದ ವಾರ ಟ್ರಂಕಿನಾಗ ಆಯಿಯ ಹರೆಯದ ಫೋಟೋ ಸಿಕ್ತು. ಸೆರಗು ಜಾರಿ ಹಣಿ ಮ್ಯಾಲ ಅದೇ ಗುಂಗುರು. ಆಕಿ ನಕ್ಕೋತ ನಿಂತಾಳ.

ಸ್ಟ್ರೈಟ್ನರ್ ಡಬ್ಬಿ ಸೇರೇದ. ನಿಮ್ಮ ಕೂದಲ ಯಾರಂಗ ಅದ, ಮನ್ಯಾಗ ಕೇಳಿ ಕಮೆಂಟ್ ಮಾಡ್ರಿ.

#ಕೂದಲಕಥಿ #ಮಾದನಹಿಪ್ಪರಗಾ