ಓಡಿಬಂದ ಅಪ್ಪ, ಒಳಗೆ ಬಾರದ ಅಣ್ಣ

ಬಾದಾಮಿ ಹತ್ತಿರದ ಚೊಳಚಗುಡ್ಡದವರಿಗೆ ನಾಟಕ ನೋಡುವುದನ್ನು ಯಾರೂ ಕಲಿಸಬೇಕಾಗಿಲ್ಲ. ಬನದ ಹುಣ್ಣಿಮೆಗೆ ಬನಶಂಕರಿ ತೇರು ಎಳೆದ ಮೇಲೂ ವಾರಗಟ್ಟಲೆ ಜಾತ್ರೆ ನಡೆಯುತ್ತದೆ, ಕಂಪನಿ ಥೇಟರುಗಳು ಸಾಲಾಗಿ ಡೇರೆ ಹೊಡೆಯುತ್ತವೆ. ನಾನು ಸಣ್ಣವನಿದ್ದಾಗ ನೋಡಿದ ಆಟಗಳಲ್ಲಿ ಅರ್ಧಕ್ಕರ್ಧ ಒಂದೇ ಕಥೆ: ಅಪ್ಪನ ಆಸ್ತಿಯನ್ನು ಕುಡಿತಕ್ಕೂ ಜೂಜಿಗೂ ಸುರಿದ ಮಗ. ಅವನು ಅಳುತ್ತ ಮನೆಗೆ ಬರುವ ಹೊತ್ತಿಗೆ ಅಪ್ಪ ಸತ್ತಿರುತ್ತಿದ್ದ. ಪಾಪ ಮಾಡಿದವನು ತಡವಾಗಿಯೇ ಬರಬೇಕು, ಅದು ನಮ್ಮ ಆಟದ ನ್ಯಾಯ.

ಲೂಕನ ಸುವಾರ್ತೆಯ 15ನೇ ಅಧ್ಯಾಯದಲ್ಲಿ ಯೇಸು ಹೇಳುವ ಕಥೆಯಲ್ಲೂ ಇಂಥದೇ ಮಗ. ಆದರೆ ಅಲ್ಲಿ ಅಪ್ಪ ಬದುಕಿದ್ದಾನೆ. ಮಗ ಇನ್ನೂ ದೂರದಲ್ಲಿರುವಾಗಲೇ ಓಡಿಹೋಗಿ ತಬ್ಬಿಕೊಳ್ಳುತ್ತಾನೆ. ತಪ್ಪೊಪ್ಪಿಗೆಯ ಮಾತು ಮುಗಿಯುವ ಮೊದಲೇ ಹೊಸ ಬಟ್ಟೆ, ಉಂಗುರ, ಹಬ್ಬದೂಟ. ಪಾಪಿಯ ಮೇಲೆ ದೇವರ ಕರುಣೆ ಎಂಥದೆಂದು ಕೇಳಿದರೆ ಕ್ರೈಸ್ತರು ಇವತ್ತಿಗೂ ಹೇಳುವ ಕಥೆ ಇದು.

ನಮ್ಮ ಬಾದಾಮಿ ಸೀಮೆಗೆ ಇದನ್ನು ತಂದು ನೆಲೆಗೊಳಿಸಿದ್ದು ಬಾಸೆಲ್ ಮಿಷನ್. 1815ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಆ ಸಂಸ್ಥೆಯ ಪಾದ್ರಿಗಳು 1834ರಲ್ಲಿ ಮಂಗಳೂರಿಗೆ ಬಂದರು. 1837ಕ್ಕೆ ಧಾರವಾಡ, 1839ಕ್ಕೆ ಹುಬ್ಬಳ್ಳಿ, 1841ಕ್ಕೆ ಬೆಟಗೇರಿ, 1851ಕ್ಕೆ ಗುಳೇದಗುಡ್ಡ. ಸಂತೆ, ಜಾತ್ರೆಗಳಲ್ಲಿ ನಿಂತು ಕನ್ನಡದಲ್ಲೇ ಸಾರುವುದು ಅವರ ಕ್ರಮ. ಬಳ್ಳಾರಿಯಲ್ಲಿದ್ದ ಪಾದ್ರಿ ಜಾನ್ ಹ್ಯಾಂಡ್ಸ್ ಮೊದಲೇ ಬೈಬಲನ್ನು ಕನ್ನಡಕ್ಕೆ ತಂದಿದ್ದರಿಂದ ಪುಸ್ತಕವೂ ಕೈಯಲ್ಲಿತ್ತು.

ಗುಳೇದಗುಡ್ಡ ಖಣದ ಊರು. ನೂಲು ಸಾವುಕಾರನದು, ದುಡಿಮೆ ನೇಕಾರನದು. ಮಿಷನ್ನಿನ ಕ್ರೈಸ್ತ ಸಭೆಗೆ ಸೇರಿದವನು ಜಾತಿ ಬಿಡಬೇಕು, ಎಲ್ಲರ ಜೊತೆ ಒಂದೇ ಪಂಕ್ತಿಯಲ್ಲಿ ಉಣ್ಣಬೇಕು. ಇದರಲ್ಲಿ ಮಿಷನ್ ಸಡಿಲು ಬಿಡಲಿಲ್ಲ. ಹೀಗಾಗಿ ಬೀಗರು, ನೆಂಟರು, ಎಷ್ಟೋ ಸಲ ಕಸುಬು, ಎಲ್ಲವೂ ಹೋಗುತ್ತಿದ್ದವು. ಕೃಪೆಗೆ ಬೆಲೆಯಿಲ್ಲ ಎಂದು ಸಾರಿದ್ದು ನಿಜ, ಅದನ್ನು ಕೇಳಿದವನು ತೆತ್ತ ಬೆಲೆಯೂ ನಿಜ. 1876-77ರಲ್ಲಿ ಧಾತು, ಈಶ್ವರ ಸಂವತ್ಸರಗಳ ಬರ ಬಂತು. ಬಾದಾಮಿ ಆಗ ಕಲಾದಗಿ ಜಿಲ್ಲೆಯಲ್ಲಿತ್ತು, ಬರಕ್ಕೆ ತೀರ ನಲುಗಿದ ಜಿಲ್ಲೆಗಳಲ್ಲಿ ಅದೂ ಒಂದು. ಅನಾಥ ಮಕ್ಕಳನ್ನು ಮಿಷನ್ ಸಾಕಿತು. ಹೊಟ್ಟೆಗಾಗಿ ಬಂದವರು ಯಾರು, ಮನಸ್ಸಿನಿಂದ ಬಂದವರು ಯಾರು ಎಂದು ಈಗ ಕುಳಿತು ಬೇರ್ಪಡಿಸುವವರ ಬಗ್ಗೆ ನನಗೆ ಗೌರವವಿಲ್ಲ.

ನನ್ನ ತಕರಾರು ಬೇರೆ ಕಡೆಗಿದೆ. ಸಭೆಯ ಶಿಸ್ತು ಬಿಗಿಯಾಗಿತ್ತು. ಕುಡಿದವನನ್ನು, ಜಾತಿಯ ಆಚರಣೆಗೆ ಮರಳಿದವನನ್ನು ಪ್ರಭುಭೋಜನವೆಂಬ ಸಂಸ್ಕಾರದಿಂದ ಹೊರಗಿಡುತ್ತಿದ್ದರು. ಪಶ್ಚಾತ್ತಾಪ ಕಂಡ ಮೇಲೆಯೇ ಮತ್ತೆ ಒಳಗೆ. ಮನೆಮಾರು ಬಿಟ್ಟು ಬಂದ ನಾಲ್ಕು ಕುಟುಂಬಗಳು ಒಟ್ಟಿಗೆ ನಿಲ್ಲಲು ಒಂದು ಕಟ್ಟು ಬೇಕಿತ್ತು, ಒಪ್ಪುತ್ತೇನೆ. ಆದರೂ ಅಪ್ಪನ ಕಥೆ ಹೇಳುತ್ತ ಹೇಳುತ್ತ ಮಿಷನ್ ಎಷ್ಟೋ ಸಲ ಅದೇ ಕಥೆಯ ಅಣ್ಣನಾಯಿತು: ತಮ್ಮ ಬಂದನೆಂದು ಸಿಟ್ಟಾಗಿ ಹೊರಗೇ ನಿಂತ, ಹೊಲದಲ್ಲಿ ಬೆವರು ಸುರಿಸಿದ ಆ ಹಿರಿಯ ಮಗ.

ಗುಳೇದಗುಡ್ಡದ ವಯಸ್ಸಾದ ನೇಕಾರರೊಬ್ಬರ ಮುಂದೆ ಇದನ್ನೇ ಹೇಳಿದೆ. ಅವರು ನಕ್ಕರು. "ಮಾಸ್ತರ, ಅಪ್ಪ ಆ ಅಣ್ಣನ್ನ ಕರಿಯಾಕೂ ಹೊರಗ ಬಂದಾನ್ರಿ. ಅದನ್ನ ಯಾರೂ ಹೇಳೂದಿಲ್ಲ ನೋಡ್ರಿ." ಲೂಕನಲ್ಲಿ ಅದು ಇದೆ. ಅಣ್ಣ ಒಳಗೆ ಹೋದನೋ ಇಲ್ಲವೋ, ಅದು ಮಾತ್ರ ಇಲ್ಲ.

1914ರ ಯುದ್ಧ ಬಂತು, ಮಿಷನ್ನಿನಲ್ಲಿದ್ದ ಜರ್ಮನ್ ಪಾದ್ರಿಗಳನ್ನು ಇಂಗ್ಲಿಷ್ ಸರ್ಕಾರ ಬಂಧನದಲ್ಲಿಟ್ಟಿತು. ಸಭೆ ಉಳಿಯಿತು, ಅದೀಗ ದಕ್ಷಿಣ ಭಾರತ ಸಭೆಯ (ಸಿ.ಎಸ್.ಐ.) ಕರ್ನಾಟಕ ಉತ್ತರ ಸಭಾಪ್ರಾಂತ್ಯದಲ್ಲಿದೆ. ಮಿಷನ್ನಿನ ದಾಖಲೆಗಳು ಬಾಸೆಲ್ ನಗರದ ಪತ್ರಾಗಾರದಲ್ಲಿವೆ, ಬಹುಪಾಲು ಜರ್ಮನ್ ಭಾಷೆಯಲ್ಲಿ. ಅವು ಪಾದ್ರಿಗಳು ಬರೆದ ಕಾಗದಗಳು, ಅಂದರೆ ಅಣ್ಣನ ಕಡೆಯ ಲೆಕ್ಕ. ಹೊರಗಿಟ್ಟು ಮತ್ತೆ ಕರೆಸಿಕೊಂಡವರ ಮಾತು ಗುಳೇದಗುಡ್ಡ, ಬೆಟಗೇರಿಗಳ ಹಳೆಯ ಮನೆತನಗಳಲ್ಲಿ ಸಿಕ್ಕರೆ ಸಿಗಬೇಕು. ನಮ್ಮ ಕಡೆಯ ಕಾಲೇಜು ಹುಡುಗರು ಆ ಮನೆಗಳಿಗೆ ಹೋಗಿ ಅಜ್ಜ, ಅಜ್ಜಿಯರನ್ನು ಕೇಳಿ ಈಗಲೇ ಬರೆದಿಟ್ಟುಕೊಳ್ಳಲಿ.