ಯುದ್ಧಭೂಮಿಯಲ್ಲಿ ಮಾತಾಡಿದ ಬಾವುಟ

ವೈರ್‌ಲೆಸ್ ಇಲ್ಲದ ಕಾಲದಲ್ಲಿ, ಮೈಲಿಗಟ್ಟಲೆ ಹರಡಿ ನಿಂತ ಸೈನ್ಯಕ್ಕೆ ಸುದ್ದಿ ಮುಟ್ಟಿಸುತ್ತಿದ್ದುದು ಹೇಗೆ? 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಲ್ಲಿ ಟೆಲಿಗ್ರಾಫ್ ಏನೋ ಇತ್ತು. ಆದರೆ ಕಾಳಗ ನಡೆಯುವ ಹೊಲ, ಗುಡ್ಡಗಳಿಗೆಲ್ಲ ತಂತಿ ಎಳೆಯುವುದು ಆಗದ ಮಾತು. ಅಲ್ಲಿ ಕೆಲಸಕ್ಕೆ ಬಂದದ್ದು ಬಾವುಟ.

ಈ ಪದ್ಧತಿಯನ್ನು ರೂಪಿಸಿದವರು ಸೇನಾ ವೈದ್ಯ ಆಲ್ಬರ್ಟ್ ಮೈಯರ್. 1851ರಲ್ಲಿ ವೈದ್ಯ ಪದವಿಗಾಗಿ ಅವರು ಬರೆದ ಪ್ರಬಂಧ ಕಿವುಡರ ಸಂಜ್ಞಾ ಭಾಷೆಯನ್ನು ಕುರಿತದ್ದು. ಆ ಆಸಕ್ತಿಯೇ ಮುಂದೆ ಯುದ್ಧವಿದ್ಯೆಯಾಯಿತು. ಒಂದೇ ಬಾವುಟವನ್ನು ಎಡಕ್ಕೆ, ಬಲಕ್ಕೆ ಬೀಸಿದರೆ ಅಂಕಿಗಳು. ಅಂಕಿಗಳು ಕೂಡಿದರೆ ಅಕ್ಷರ. ರಾತ್ರಿಯಾದರೆ ಪಂಜು. ದೂರದ ಗುಡ್ಡದಲ್ಲಿ ದುರ್ಬೀನು ಹಿಡಿದವನು ಅದನ್ನು ಓದಿಕೊಳ್ಳುತ್ತಿದ್ದ.

1859ರ ಪ್ರಯೋಗಗಳಲ್ಲಿ ಮೈಯರ್‌ಗೆ ನೆರವಾದವರು ಜಾರ್ಜಿಯಾದ ಯುವ ಅಧಿಕಾರಿ ಪೋರ್ಟರ್ ಅಲೆಕ್ಸಾಂಡರ್. ಗುಲಾಮಗಿರಿ ಉಳಿಸಿಕೊಳ್ಳಲು ದಕ್ಷಿಣದ ರಾಜ್ಯಗಳು ಒಕ್ಕೂಟದಿಂದ ಸಿಡಿದಾಗ ಅವರು ದಕ್ಷಿಣದ ಸೈನ್ಯ ಸೇರಿದರು. ಕಲಿತ ವಿದ್ಯೆಯೂ ಜೊತೆಗೇ ಹೋಯಿತು!

1861ರ ಜುಲೈ 21ರಂದು ಬುಲ್ ರನ್‌ನಲ್ಲಿ ಕಾಳಗ. ಗುಡ್ಡದ ಮೇಲಿದ್ದ ಅಲೆಕ್ಸಾಂಡರ್‌ಗೆ ಹಲವು ಮೈಲಿ ಆಚೆ ಹಿತ್ತಾಳೆ ಫಿರಂಗಿಯೊಂದು ಬಿಸಿಲಿಗೆ ಮಿಂಚಿದ್ದು ಕಾಣಿಸಿತು. ಉತ್ತರದ ಸೈನ್ಯ ಎಡಬದಿಯಿಂದ ಸುತ್ತುಹಾಕಿ ಬರುತ್ತಿತ್ತು. ಕೂಡಲೇ ಬಾವುಟ ಎಚ್ಚರಿಸಿತು. ದಕ್ಷಿಣದ ಸಣ್ಣ ಪಡೆಯೊಂದು ಅತ್ತ ಧಾವಿಸಿ ಶತ್ರುವನ್ನು ತಡೆಯಿತು; ಸಂಜೆಯ ಹೊತ್ತಿಗೆ ಗೆಲುವು ದಕ್ಷಿಣದ್ದಾಯಿತು. ಅದೇ ಯುದ್ಧಕ್ಕೆಂದು ಗುರು ಮೈಯರ್ ಸಾಗಿಸುತ್ತಿದ್ದ ವೀಕ್ಷಣಾ ಬಲೂನು ದಾರಿಯಲ್ಲೇ ಮರಕ್ಕೆ ಸಿಕ್ಕಿ ಹರಿದುಹೋಗಿತ್ತು.

ಆದರೆ ಬಾವುಟಕ್ಕೊಂದು ದೋಷ. ಅದು ಮಿತ್ರನಿಗೆ ಕಂಡಂತೆ ಶತ್ರುವಿಗೂ ಕಾಣುತ್ತದೆ. ಎರಡೂ ಕಡೆಯವರು ಪರಸ್ಪರರ ಸಂದೇಶ ಕದ್ದು ಓದತೊಡಗಿದಾಗ ಗುಪ್ತಲಿಪಿ ಅನಿವಾರ್ಯವಾಯಿತು.

ಈ ದೋಷವೇ ಒಮ್ಮೆ ವರವೂ ಆಯಿತು. 1863ರ ಜುಲೈ 2, ಗೆಟ್ಟಿಸ್‌ಬರ್ಗ್. ಲಿಟಲ್ ರೌಂಡ್ ಟಾಪ್ ಗುಡ್ಡದ ಮೇಲೆ ಉತ್ತರದವರ ಬಾವುಟ ಕಾಣುತ್ತಿತ್ತು. ಅದರ ಕಣ್ಣಿಗೆ ಬೀಳಬಾರದೆಂದು ದಕ್ಷಿಣದ ಸೇನಾನಿ ಲಾಂಗ್‌ಸ್ಟ್ರೀಟ್‌ನ ದಂಡು ಬಂದ ದಾರಿಯಲ್ಲೇ ಹಿಂದಿರುಗಿ ಬಳಸಿ ನಡೆಯಿತು. ದಾಳಿ ಶುರುವಾಗುವಾಗ ಸಂಜೆ ನಾಲ್ಕು ಗಂಟೆ ಸಮೀಪಿಸಿತ್ತು. ಆ ದಂಡಿನ ಫಿರಂಗಿಗಳನ್ನು ಮರೆಯ ದಾರಿಯಲ್ಲಿ ಸಾಗಿಸಿದವರು ಬೇರಾರೂ ಅಲ್ಲ, ಅದೇ ಅಲೆಕ್ಸಾಂಡರ್!

ಅಷ್ಟರಲ್ಲಿ ಉತ್ತರದ ಮುಖ್ಯ ಎಂಜಿನಿಯರ್ ವಾರೆನ್ ಗುಡ್ಡ ಹತ್ತಿ ನೋಡಿದರೆ ಅಲ್ಲಿ ಸೈನ್ಯವೇ ಇಲ್ಲ. ಇದ್ದವರು ಬಾವುಟದವರು ಕೆಲವರಷ್ಟೇ. ಪಡೆ ಕಳಿಸಲು ದೂತರನ್ನು ಓಡಿಸಿದ ವಾರೆನ್, ಶತ್ರುವಿಗೆ ಗುಡ್ಡ ಬರಿದೆನಿಸದಿರಲೆಂದು ಬಾವುಟ ಬೀಸುತ್ತಲೇ ಇರುವಂತೆ ಅವರಿಗೆ ಹೇಳಿದರು. ಕೊನೆಯ ಗಳಿಗೆಯಲ್ಲಿ ಸೈನ್ಯ ಬಂತು, ಗುಡ್ಡ ಉಳಿಯಿತು.

ಬುಲ್ ರನ್‌ನಲ್ಲಿ ಬಾವುಟ ಹೇಳಿದ್ದು ನಿಜ. ಗೆಟ್ಟಿಸ್‌ಬರ್ಗ್‌ನಲ್ಲಿ ಅದರಿಂದ ಹೇಳಿಸಿದ್ದು ಸುಳ್ಳು. ಯುದ್ಧಕ್ಕೆ ಎರಡೂ ಬೇಕಾಗಿದ್ದವು.